ಅಳಿಸಿದ ಡಿಸ್ಕಿನಲ್ಲಿ ಅವನ ಹುಡುಗಿ

"ಥೂ! ಇದನ್ನೇನು ಹಂದಿ ಗೂಡಲ್ಲಿ ಇಟ್ಟಿದ್ರಾ?"

ಕಂಪ್ಯೂಟರಿನ ಮುಚ್ಚಳ ಬಿಚ್ಚಿದ ರಿಪೇರಿಯವಳು ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ರೋಮದ ಉಂಡೆ, ಸತ್ತ ಜಿರಳೆ, ಫ್ಯಾನಿಗೆ ಮೆತ್ತಿದ ಹಳದಿ ಜಿಡ್ಡು. ಮೂಗು ಮುಚ್ಚಿಕೊಂಡಳು.

ಎದುರಿಗಿದ್ದ ಪಶುವೈದ್ಯ ಪೆಚ್ಚಾಗಿ ನಕ್ಕ. ಅವನ ಅಂಗಿಯೂ ಕೀವು, ಫಿನಾಯಿಲು ಬೆರೆತು ನಾರುತ್ತಿತ್ತು.

"ಆಸ್ಪತ್ರೇಲಿ ಇತ್ತು ಮೇಡಂ... ಹೊಸ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಡಿ. ಉಳಿದದ್ದೆಲ್ಲಾ ಹೋಗ್ಲಿ. 'ನನ್ನ ಹುಡುಗಿ' ಅಂತ ಒಂದು ಫೋಲ್ಡರ್ ಇದೆ, ಅದೊಂದು ಜೋಪಾನ."

ಅಬ್ಬಾ, ಇವನಿಗೂ ಒಬ್ಬಳು ಹುಡುಗಿ! ಹೇಗೆ ಸಹಿಸ್ತಾಳೋ...

ಆದರೂ ಆ ನಗುವಿನ ಕಡೆಗೇ ಕಣ್ಣು ಹೋದದ್ದು ಯಾಕೆ? ಅವಳಿಗೆ ತನ್ನ ಮೇಲೇ ಸಿಡುಕು ಬಂತು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತರೆ ಪರದೆ ಮೊಂಡು ಹಿಡಿಯಿತು. ಡಿಸ್ಕಿನ ಜಾಗದ ಹಂಚಿಕೆ ಎಂಬಿಆರ್ ಎಂಬ ಹಳೆಯ ಶೈಲಿಯಲ್ಲಿದೆ, ಜಿಪಿಟಿ ಎಂಬ ಹೊಸ ಶೈಲಿಗೆ ಬದಲಾಯಿಸದೆ ಹೊಸ ಸಿಸ್ಟಮ್ ಕೂರುವುದಿಲ್ಲ. ಅವಳಿಗೆ ರೂಢಿಯಿದ್ದ ದಾರಿಯಲ್ಲಿ ಬದಲಾಯಿಸಲು ಮೊದಲು ಡಿಸ್ಕನ್ನು ಪೂರ್ತಿ ಬರಿದು ಮಾಡಬೇಕು. ಕಾಪಿ ಮಾಡಲೆಂದು ಆ ಫೋಲ್ಡರ್ ತೆರೆದಳು.

ಪುಟ್ಟ ಪುಟ್ಟ ಚಿತ್ರಗಳು... ಕೆಂಪಗೆ, ಒದ್ದೆಯಾಗಿ, ಬರೀ ಮಾಂಸ! ಅದರ ಮೇಲೆ ಗಂಡಸಿನ ಕೈ.

ರಪ್ಪನೆ ಮುಚ್ಚಿದಳು. 'ಛೀ, ಹೊಲಸು ಮನುಷ್ಯ! ಇಂಥದ್ದನ್ನ ಜೋಪಾನ ಬೇರೆ ಮಾಡ್ಬೇಕಂತೆ!'

ಕಾಪಿ ಮಾಡಲಿಲ್ಲ. 'ಕ್ಲೀನ್' ಎಂದು ಟೈಪಿಸಿದಳು. ಆಮೇಲೆ 'ಕನ್ವರ್ಟ್ ಜಿಪಿಟಿ'. ಎರಡೇ ಸಾಲಿಗೆ ಎಲ್ಲ ಖಾಲಿ. ಹೋಗಿ ಎರಡೆರಡು ಸಲ ಕೈ ತೊಳೆದು ಬಂದಳು.

ಮಧ್ಯಾಹ್ನ ಅವನು ಬಂದ. "ನನ್ನ ಹುಡುಗಿ ಸಿಕ್ಕಳಾ?"

"ಡಿಸ್ಕ್ ಬದಲಾಯಿಸುವಾಗ ತಾನಾಗೇ ಹೋಯ್ತು" ಎಂದಳು, ಮುಖ ಗಂಟಿಕ್ಕಿ.

ಅವನು ಕುರ್ಚಿಗೆ ಕುಸಿದ.

"ಬೀದಿ ನಾಯಿ ಮೇಡಂ ಅದು... ಕತ್ತಿನ ತುಂಬ ಹುಳ ಬಿದ್ದಿತ್ತು. ನಲವತ್ತು ದಿನ ಗಾಯ ತೊಳೆದೆ, ದಿನಕ್ಕೊಂದು ಫೋಟೋ ತೆಗೆದೆ. ಆಮೇಲೆ ಆರು ವರ್ಷ ನನ್ ಜೊತೇಲೇ ಇದ್ಲು. ಹೋದ ವಾರ... ಹೋಗ್ಬಿಟ್ಲು." ಕಣ್ಣೊರೆಸಿಕೊಂಡು ಎದ್ದ. "ಇರ್ಲಿ ಬಿಡಿ, ನಿಮ್ಮ ತಪ್ಪೇನಿದೆ."

ಅವನು ಹೋದ ಮೇಲೆ ಅವಳಿಗೆ ಹೇಸಿಗೆಯಾಯಿತು. ಈ ಸಲ ತನ್ನ ಬಗ್ಗೆಯೇ!

ಪುಣ್ಯಕ್ಕೆ ಡಿಸ್ಕಿನ ಮೇಲೆ ಹೊಸದೇನನ್ನೂ ಇನ್ನೂ ಹಾಕಿರಲಿಲ್ಲ. ಅಳಿದದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಚ್ಚಿ ಎರಡು ಹಗಲು ಕೂತಳು. ಒಂದೊಂದೇ ಚಿತ್ರ ಮೇಲೆ ಬಂತು. ಹುಳ, ಕೀವು, ಕೊಳೆತ ಚರ್ಮ... ಊಟ ಸೇರಲಿಲ್ಲ. ಆದರೂ ಕಣ್ಣು ಕೀಳಲಿಲ್ಲ. ಎಲ್ಲದರಲ್ಲೂ ಅದೇ ಕೈ, ಹೂವು ಮುಟ್ಟುವ ಹಾಗೆ ಮೆತ್ತಗೆ. ಕೊನೆಯದರಲ್ಲಿ ಕಂದು ನಾಯಿಯೊಂದು ನಾಲಗೆ ಚಾಚಿ ಕೂತಿತ್ತು. ಅತ್ತೇಬಿಟ್ಟಳು.

ಆಸ್ಪತ್ರೆಗೆ ತಾನೇ ಹೋದಳು. ಅವನು ಹಸುವಿನ ಕಾಲಿನ ಬಾವು ಹಿಂಡುತ್ತಿದ್ದ.

"ಎಲ್ಲಾ ಸಿಕ್ತು." ಪೆನ್‌ಡ್ರೈವ್ ಚಾಚಿದಳು. "ಆದ್ರೆ ತಾನಾಗೇ ಹೋಗಿದ್ದಲ್ಲ ಡಾಕ್ಟ್ರೇ... ನಾನೇ ಅಳಿಸಿದ್ದು. ಹೊಲಸು ಚಿತ್ರ ಅನ್ಕೊಂಡೆ. ಮೇಲೆ ಸುಳ್ಳೂ ಹೇಳ್ದೆ."

ಅವನ ಮುಖ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ಮೆಲ್ಲಗೆ ಕೇಳಿದ. "ಪೂರ್ತಿ ನೋಡಿದ್ರಾ?"

"ಒಂದೂ ಬಿಡದೆ."

"ಇದುವರೆಗೆ ಯಾರೂ ಮೂರನೇ ಫೋಟೋ ದಾಟಿಲ್ಲ..."

ಅಷ್ಟರಲ್ಲಿ ಕೀವು ಚಿಮ್ಮಿ ಅವಳ ಪಾದಕ್ಕೆ ಬಿತ್ತು. ಹಲ್ಲು ಕಚ್ಚಿ ನಿಂತಳು.

"ನೋಡಿ, ನನ್ ಬದುಕೇ ಇಷ್ಟು. ಎಷ್ಟು ಉಜ್ಜಿದ್ರೂ ಈ ನಾತ ಹೋಗಲ್ಲ."

"ಗೊತ್ತು. ಈಗ್ಲೂ ಹೇಸಿಗೆ ಆಗ್ತಿದೆ ನಂಗೆ." ಅವಳು ಪಾದ ಹಿಂದೆಗೆಯಲಿಲ್ಲ. "ಆದ್ರೂ ನಾಳೆ ಬರ್ತೀನಿ. ನಾಡಿದ್ದೂ ಬರ್ತೀನಿ."

"ಯಾಕೆ?"

"ಅದನ್ನೂ ಬಾಯ್ಬಿಟ್ಟು ಹೇಳ್ಬೇಕೇನ್ರೀ?"