ಮೂರನೇ ಸೋರಿಕೆ

ಬೆಳಗ್ಗೆ ಹತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ದೋಣಿಯವನ ಅಂಗಿಯಿಂದ ಇನ್ನೂ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

"ನನ್ನ ಮೋಟರಿಗೆ ಕೈ ಹಾಕಿದ್ದಾರೆ ಮೇಡಂ. ಯಾರು ಅಂತಾನೂ ಗೊತ್ತು."

"ಮೊದಲು ಏನಾಯ್ತು ಹೇಳಿ," ಎಂದರು ಇನ್ಸ್‌ಪೆಕ್ಟರ್.

ಹಿಂದಿನ ದಿನ ಮೊದಲ ಟ್ರಿಪ್ಪಿಗೆ ಜನ ಹತ್ತಿಸಿಕೊಂಡು ದಡ ಬಿಟ್ಟಿದ್ದನಷ್ಟೆ. ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ಮೋಟರು ಭಗ್ಗೆಂದು ಹತ್ತಿಕೊಂಡಿತ್ತು. ಮೋಟರಿನ ಪಕ್ಕ ನಿಂತಿದ್ದ ಶಾಲಾ ಟೀಚರ್ ಒಬ್ಬರ ಬಲಗೈ ಸುಟ್ಟಿತ್ತು. ಒದ್ದೆ ಗೋಣಿಚೀಲ ಎಸೆದು ಬೆಂಕಿ ಆರಿಸಿದ್ದ.

"ಮೂರನೇ ಸಲ ಇದು. ಮೊದಲು ಅಡಿಯಿಂದ ಗೇರ್ ಆಯಿಲ್ ಸೋರಿತು. ಆಮೇಲೆ ಪೆಟ್ರೋಲ್ ಪೈಪಿನ ಕ್ಲಿಪ್ಪು ಸಡಿಲ. ಈಗ ಇದು. ವರ್ಷ ತುಂಬದ ಮೋಟರು! ಆ ಗುಂಗುರು ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತ್ಲೇ ಮಾಡಿದ್ದು."

ಗುಂಗುರು ಎಂದರೆ ಅದೇ ದಡದ ಇನ್ನೊಬ್ಬ ದೋಣಿಯವ. ತಲೆಗೂದಲಿನಿಂದ ಬಂದ ಹೆಸರು. ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು ಎಫ್‌ಐಆರ್ ದಾಖಲಿಸಿದರು. ಆದರೆ ದೂರು ಕೊಡುವ ಮೊದಲೇ ಅಪರಾಧಿಯ ಹೆಸರನ್ನು ಬಾಯಲ್ಲಿಟ್ಟುಕೊಂಡು ಬರುವವರನ್ನು ಅವರು ಅಷ್ಟು ಸುಲಭಕ್ಕೆ ನಂಬುವವರಲ್ಲ.

ಮಧ್ಯಾಹ್ನ ದಡದಲ್ಲೇ ಪಂಚನಾಮೆ ನಡೆಯಿತು. ಟಿಕೆಟ್ ಕೊಡುವವನೂ ಬಲೆ ಹೆಣೆಯುವ ಮುದುಕನೂ ಪಂಚರು. ಬರೆದುಕೊಳ್ಳಲು ಹೆಡ್ ಕಾನ್‌ಸ್ಟೇಬಲ್. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು. ಮೋಟರು ಬಿಚ್ಚಲು ಬಂದ ಮೆಕ್ಯಾನಿಕ್ ದೋಣಿಯವನ ಒಡಹುಟ್ಟಿದ ತಮ್ಮ. ಹಿಂದಿನ ಎರಡು ಸೋರಿಕೆಗಳನ್ನೂ ಸರಿಮಾಡಿದವನು ಅವನೇ.

ಮೇಲಿನ ಮುಚ್ಚಳ ಕರಗಿ ಮುದ್ದೆಯಾಗಿತ್ತು. ಪೆಟ್ರೋಲ್ ಪೈಪು ಮೇಲುಗಡೆ ಸುಟ್ಟಿದ್ದರೂ ಪಂಪಿನ ಹತ್ತಿರ ಗೇಣುದ್ದ ಉಳಿದಿತ್ತು. ತಮ್ಮ ಅದರ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ನೀರು ಒತ್ತಿದ. ಕ್ಲಿಪ್ಪಿನ ಹಿಂದೆ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ಮೂಡಿತು. ಹಿಂದೆಯೇ ಇನ್ನೊಂದು.

"ಹಳೇದಾಗಿ ಬಿರುಕು ಬಿಟ್ಟಿದೆ," ಎಂದ ಅವನು. ಪೈಪಿನ ಕಡೆ ನೋಡಿರಲೇ ಇಲ್ಲ.

"ಯಾವಾಗ ಹಾಕಿದ ಪೈಪು?"

"ಹೋದ ತಿಂಗಳು."

"ಒಂದೇ ತಿಂಗಳಿಗೆ ಮುಪ್ಪು ಬಂತಾ?"

ತಮ್ಮ ಸ್ಪ್ಯಾನರ್ ಒರೆಸತೊಡಗಿದ. ಸ್ಪ್ಯಾನರಿನಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಭೂತಗನ್ನಡಿ ಹಿಡಿದರು. ಮುಪ್ಪಿನ ಬಿರುಕಾದರೆ ಒರಟಾಗಿ, ಹತ್ತಾರು ಕಡೆ ಒಡೆದಿರಬೇಕು. ಇದು ಒಂದೇ ನೇರ ಗೀರು. ಪಕ್ಕದಲ್ಲಿ, ಸಣ್ಣ ಮಣಿ ಒತ್ತಿದಂತೆ ದುಂಡಗಿನ ಗುರುತು. ಫೋಟೊ ತೆಗೆಸಿ, ಪೈಪನ್ನು ಸೀಲ್ ಮಾಡಿಸಿ ಪ್ರಯೋಗಾಲಯಕ್ಕೆ ಕಳಿಸಿದರು.

"ಮೆಕ್ಯಾನಿಕ್ ಏನೋ ನುಂಗ್ತಿದಾನೆ," ಎಂದ ಮೀಸೆ.

"ನುಂಗಲಿ. ಎಷ್ಟು ದಿನ ಅರಗಿಸ್ಕೋತಾನೆ ನೋಡೋಣ."

ಗುಂಗುರುವನ್ನು ಕರೆಸಿದಾಗ ಅವನು ಸಿಡಿಮಿಡಿಗೊಂಡೇ ಬಂದ.

"ಬೆಂಕಿ ಬಿದ್ದಾಗ ಎಲ್ಲಿದ್ದೆ?"

"ಮಗಳ ಹೆರಿಗೆ. ಹಿಂದಿನ ಸಂಜೆಯಿಂದ ಆಸ್ಪತ್ರೆಲೇ ಬಿದ್ದಿದ್ದೆ. ದಾದಿನ ಕೇಳಿ. ಅಲ್ಲಾ ಮೇಡಂ, ಸಂಜೆ ಆದ್ರೆ ಅವನು ಮೋಟರು ಬಿಚ್ಕೊಂಡು ಮನೆಗೆ ಹೊತ್ಕೊಂಡು ಹೋಗ್ತಾನೆ. ನಾನೇನು ಅವನ ಹಜಾರದಲ್ಲಿ ಮಲಗ್ತೀನಾ?"

"ಮತ್ತೆ ನಿನ್ನ ಮೇಲೆ ಯಾಕೆ ಸಿಟ್ಟು?"

"ಹೋದ ವಾರ ನಡುನೀರಲ್ಲಿ ನನ್ನ ದೋಣಿಗೇ ನುಗ್ಗಿದ. ಬಾಯಿಗೆ ಬಂದಂಗೆ ಬೈದೆ. ಪಕ್ಕದಲ್ಲೇ ಇದೀನಿ, ನೋಡೋದೇ ಇಲ್ಲ! ಬೇಕಂತ್ಲೇ ಮಾಡಿದ್ದು."

ಆಸ್ಪತ್ರೆಯವರು ಅವನ ಮಾತು ನಿಜವೆಂದರು. ಟೀಚರ್ ಇದ್ದದ್ದು ಅದೇ ಆಸ್ಪತ್ರೆಯ ಮಹಡಿಯಲ್ಲಿ. ಬಲಗೈಗೆ ಮೊಣಕೈವರೆಗೂ ಬ್ಯಾಂಡೇಜು.

"ಪೆಟ್ರೋಲ್ ವಾಸನೆ ಬಂತು. ದೋಣಿಯವರ ಎಡಗಡೆ ನಿಂತು ಕೈ ಆಡಿಸಿದೆ, ತಿರುಗಿಯೂ ನೋಡಲಿಲ್ಲ. ಮಾತಾಡಿಸಿದ ಮೇಲೆ ಬೆಚ್ಚಿಬಿದ್ರು. ನಾನು ಅಲ್ಲಿ ಇದ್ದೀನಿ ಅಂತಾನೇ ಗೊತ್ತಿರಲಿಲ್ಲ ಅನ್ನೋ ಥರ."

"ಆಮೇಲೆ?"

"ಹೊರಡೋವಾಗ ಸ್ವಲ್ಪ ವಾಸನೆ ಬರುತ್ತೆ ಅಂದ್ರು. ಅಷ್ಟರಲ್ಲಿ ಅವರ ಹೆಂಡತಿ ದಡಕ್ಕೆ ಓಡಿ ಬಂದು, ನಿಲ್ಲಿಸಿ, ನಿಲ್ಲಿಸಿ ಅಂತ ಕೂಗಿದ್ರು. ಮೋಟರಿನ ಸದ್ದಲ್ಲಿ ಯಾರಿಗೆ ಕೇಳ್ಬೇಕು?"

"ಕೂಗಿದ್ದು ಬೆಂಕಿ ಹತ್ತಿದ ಮೇಲೆ ತಾನೇ?"

"ಇಲ್ಲ. ಮುಂಚೆ."

"ಬೆಂಕಿ ಹತ್ತೋಕೆ ಮುಂಚೆಯೇ ಅವಳಿಗೆ ಹೇಗೆ ಗೊತ್ತಾಯ್ತು ಮೇಡಂ?" ಎಂದ ಮೀಸೆ, ಮೆಟ್ಟಿಲಿಳಿಯುವಾಗ. ಇನ್ಸ್‌ಪೆಕ್ಟರ್ ಜೀಪನ್ನು ದೋಣಿಯವನ ಮನೆ ಕಡೆ ತಿರುಗಿಸಲು ಹೇಳಿದರು.

ದೋಣಿಯವನ ಮನೆಯ ಹಜಾರದಲ್ಲಿ, ಮೋಟರು ನಿಲ್ಲಿಸುವ ಮರದ ಕಾಲುಮಣೆಗೆ ಒರಗಿ, ಅವನ ಹೆಂಡತಿ ದಪ್ಪ ಟಾರ್ಪಾಲಿನ ಹೊಲಿಗೆ ಬಿಚ್ಚುತ್ತಿದ್ದಳು. ದಡದ ದೋಣಿಗಳಿಗೆಲ್ಲ ಹೊದಿಕೆ ಹೊಲಿದುಕೊಡುವವಳು ಅವಳೇ. ಕೈಯಲ್ಲಿ ಕವಲೊಡೆದ ಪುಟ್ಟ ಕೊಕ್ಕೆ: ಒಂದು ಕವಲು ಚೂಪು, ಇನ್ನೊಂದರ ತುದಿಗೆ ಸಾಸಿವೆಗಾತ್ರದ ಮಣಿ, ನಡುವೆ ಅಲಗು.

"ಅದನ್ನ ಇಲ್ಲಿ ಕೊಡಮ್ಮ."

ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ. ಇನ್ಸ್‌ಪೆಕ್ಟರಿಗೆ ಆ ಕೇಳದಿದ್ದುದೇ ಚುಚ್ಚಿತು. ಅಲಗಿನ ಸಂದಿಯಲ್ಲಿ ಕಪ್ಪಗೆ ಏನೋ ಮೆತ್ತಿಕೊಂಡಿತ್ತು. ಅದನ್ನೂ ಪಂಚರ ಮುಂದೆ ಸೀಲ್ ಮಾಡಿಸಿದರು.

ಮೆಕ್ಯಾನಿಕ್ ತಮ್ಮ ಈ ಸಲ ಹೆಚ್ಚು ಹೊತ್ತು ತಡೆಯಲಿಲ್ಲ.

"ಮೊದಲ ಸಲ ಏನಾಗಿತ್ತು?"

"ಗೇರ್ ಆಯಿಲ್ ಸ್ಕ್ರೂ ಕೆಳಗಿನ ವಾಷರೇ ಇರಲಿಲ್ಲ. ವಾಷರು ತಾನಾಗೇ ಎದ್ದು ಹೋಗಲ್ಲ ಮೇಡಂ."

"ಯಾರು ತೆಗೆದದ್ದು ಅಂತ ನಿನಗೆ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. "ಅತ್ತಿಗೆ ನನ್ನ ಎತ್ತಿ ಆಡಿಸಿದವಳು. ಏನಂತ ಕೇಳ್ಲಿ? ಬಾಯಿ ಮುಚ್ಕೊಂಡು ಹೊಸ ವಾಷರ್ ಹಾಕಿದೆ. ಎರಡನೇ ಸಲ ಪೈಪೂ ಹೊಸದು ಹಾಕಿ ಕ್ಲಿಪ್ಪು ಬಿಗಿ ಮಾಡಿದೆ. ಪೈಪಿಗೇ ಕೈ ಹಾಕ್ತಾಳೆ ಅಂದ್ಕೊಂಡಿರಲಿಲ್ಲ."

ಪ್ರಯೋಗಾಲಯದ ವರದಿ ಬಂತು. ಗೀರೂ ಮಣಿಯ ಗುರುತೂ ಆ ಕೊಕ್ಕೆಯವೇ. ಅಲಗಿಗೆ ಮೆತ್ತಿದ್ದು ಅದೇ ಪೈಪಿನ ರಬ್ಬರು. ಮರುದಿನ ಬೆಳಗ್ಗೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೋಗಿ ಅವಳನ್ನು ಬಂಧಿಸಿದರು. ಅವಳು ಹೊಲಿದು ಮುಗಿಸಿದ ಹೊದಿಕೆ ಮಡಿಸಿಟ್ಟು, ಒಲೆ ಆರಿಸಿ ಬಂದಳು.

ಹೇಳಿಕೆ ಬರೆಸುವಾಗ ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಅವರಿಗೆ ಅಕ್ಕಪಕ್ಕದ್ದು ಕಾಣಲ್ಲ. ಕೊಳವೆಯೊಳಗಿಂದ ನೋಡ್ದಂಗೆ, ನೆಟ್ಟಗಿರೋದು ಮಾತ್ರ. ಕಣ್ಣಿನ ಡಾಕ್ಟರು ಇನ್ನು ದೋಣಿ ಬೇಡ ಅಂದ್ರು. ಚೀಟಿ ಹರಿದು ನೀರಿಗೆ ಹಾಕಿದ್ರು ಇವರು. ಅವತ್ತು ಗುಂಗುರು ಬೈದದ್ದು ಸರಿಯೇ. ಅದಕ್ಕೂ ಮೊದಲು ಈಜೋ ಮಕ್ಕಳ ನಡುವೆ ನುಗ್ಗಿಸಿದ್ರು. ಮಕ್ಕಳು ಮುಳುಗಿ ತಪ್ಪಿಸ್ಕೊಂಡ್ವು. ಇವರಿಗೆ ಅಲ್ಲಿ ಮಕ್ಕಳಿದ್ದದ್ದೇ ಗೊತ್ತಿಲ್ಲ."

"ಲೈಸೆನ್ಸ್ ಕೊಟ್ಟವರಿಗೆ ಹೇಳಬಹುದಿತ್ತಲ್ಲ?"

"ಕಟ್ಕೊಂಡವಳೇ ಚಾಡಿ ಹೇಳಿದ್ಲು ಅಂದ್ರೆ ಮತ್ತೆ ತಲೆ ಎತ್ತಿ ನಡೀತಿದ್ರಾ? ಮೋಟರು ಕೆಟ್ರೆ ಮನೇಲಿರ್ತಾರೆ ಅಂದ್ಕೊಂಡೆ. ಕೆಡಿಸಿದ್ದನ್ನೆಲ್ಲ ಮೈದುನ ಸರಿಮಾಡ್ತಾ ಹೋದ. ಪೈಪು ಸೋರಿದ್ರೆ ವಾಸನೆಗಾದ್ರೂ ಹೆದರ್ತಾರೆ ಅಂತ... ಬೆಳಗ್ಗೆ ನಾನೇ ಹೇಳ್ದೆ, ವಾಸನೆ ಬರ್ತಿದೆ, ಇವತ್ತು ಬೇಡ ಅಂತ. ಜನ ಕಾಯ್ತಿದಾರೆ ಅಂತ ಹೊರಟೇಬಿಟ್ರು."

"ನಿಜ ಹೇಳಿ ತಡೀಬಹುದಿತ್ತು."

"ಬಾಯಿ ಬರಲಿಲ್ಲ. ಬಂದಾಗ ಓಡಿದೆ."

ಹೊರಗೆ ದೋಣಿಯವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಕಂಪ್ಲೇಂಟ್ ವಾಪಸ್ ತಗೋತೀನಿ ಮೇಡಂ."

"ಆಗಲ್ಲ. ಟೀಚರ್ ಇನ್ನೂ ಚಮಚ ಹಿಡಿಯೋಕಾಗ್ತಿಲ್ಲ," ಎಂದರು ಇನ್ಸ್‌ಪೆಕ್ಟರ್. ಇಷ್ಟು ದಿನ ಎಲ್ಲರ ಮೇಲೂ ಅನುಮಾನಪಟ್ಟಿದ್ದ ಅವರಿಗೆ ಈಗ ಯಾರ ಮೇಲೆ ಸಿಟ್ಟು ಮಾಡುವುದೋ ತಿಳಿಯಲಿಲ್ಲ.

ಕೋರ್ಟಿಗೆ ಒಯ್ಯಲು ಹೆಂಡತಿಯನ್ನು ಜೀಪು ಹತ್ತಿಸುವಾಗ ದೋಣಿಯವ ಅವಳಿದ್ದಾಳೆಂದುಕೊಂಡ ಕಡೆ ಕೈ ಚಾಚಿದ. ಅವಳು ನಿಂತದ್ದು ಅವನ ಎಡಗಡೆ. ಕೈ ಖಾಲಿ ಗಾಳಿಗೆ ಹೋಯಿತು. ಅವಳೇ ಎರಡು ಹೆಜ್ಜೆ ಸರಿದು, ಅವನ ಎದುರಿಗೆ ಬಂದು ನಿಂತಳು.

"ದೋಣಿ?" ಎಂದು ಕೇಳಿದಳು.

"ಕಟ್ಟಿದೆ," ಎಂದ ಅವನು. "ಇನ್ನು ಬಿಚ್ಚಲ್ಲ."