ಕಾಗದದ ತೊಟ್ಟಿಲು

ಹಳೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ ಆಲ್ಬಂ ಮಾಡುವುದು ನನ್ನ ಹುಚ್ಚು. ಅಂಥ ದಪ್ಪ ಕಾಗದ ಸುಳ್ಯದ ಅಂಗಡಿಗಳಲ್ಲಿ ಸಿಗುವುದಿಲ್ಲ. ಉತ್ತರಕ್ರಿಯೆಯ ಪತ್ರಿಕೆಯನ್ನು ಮಾತ್ರ ನಮ್ಮಲ್ಲಿ ಓದಿದ ಕೂಡಲೇ ಹರಿದು ಎಸೆಯುತ್ತಾರೆ. ನೆರೆಮನೆಯ ಸುರಕ್ಷಾ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಾಗ ಬಂದದ್ದು ರೇಷ್ಮೆಯಂತಿತ್ತು. ಎಸೆಯಲು ಮನಸ್ಸಾಗದೆ ಎತ್ತಿಟ್ಟೆ.

ತಂಗಿಯ ಮಗುವಿನ ಆಲ್ಬಮ್ಮಿಗೆ ಅದರಲ್ಲೇ ತೊಟ್ಟಿಲು ಕತ್ತರಿಸಿ, ಪುಟ ತೆರೆದರೆ ತೂಗುವಂತೆ ನೂಲಿನಲ್ಲಿ ಕಟ್ಟಿದೆ. ಬಿಸಿಲಿಗಿಟ್ಟರೂ ಅಂಟು ಒಣಗಲಿಲ್ಲ. ಅಂಟನ್ನೇ ಬೈದುಕೊಂಡೆ. ಪುಟ ಮುಟ್ಟಿದರೆ ತಣ್ಣಗಿತ್ತು. ಆಮೇಲೆ, ಮುಚ್ಚಿದ ಆಲ್ಬಮ್ಮಿನೊಳಗಿಂದ ಮರದ ತೊಟ್ಟಿಲು ಕಿರುಗುಟ್ಟುವ ಸದ್ದು ಕೇಳತೊಡಗಿತು. ಹೆದರಿ ಕಾಗದದ ತೊಟ್ಟಿಲನ್ನು ಕಿತ್ತು ಬಚ್ಚಲೊಲೆಗೆ ಹಾಕಿದೆ. ಸದ್ದು ನಿಂತಿತು.

ಸಂಜೆ ಗುತ್ತಿಗಾರಿನಿಂದ ತಂಗಿ ಫೋನ್ ಮಾಡಿದಳು.

"ಅಕ್ಕಾ, ಇವತ್ತು ತೊಟ್ಟಿಲು ಅದರಷ್ಟಕ್ಕೇ ತೂಗ್ತಾ ಉಂಟು. ನಾನು ಎತ್ತಿಕೊಂಡ್ರೆ ಮಾತ್ರ ಮಗು ಅಳುದು."