ಬರ್ತೀನಿ ಅಂದವಳಿಗೆ ಕಾದ ಬಾಗಿಲು

ಈ ಕತೆಯಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆಯ ಎಡಭಾಗವನ್ನು ನೀವೇ ಬೋಳಿಸಿ, ಕೂತು ಬೋಳಿಸಿಕೊಳ್ಳುತ್ತೇನೆ. ನನ್ನಷ್ಟು ಸತ್ಯ ಹೇಳುವವರು ಸುತ್ತ ಹದಿನಾರು ಊರಲ್ಲಿಲ್ಲ. ಅದಕ್ಕೇ ಯಾರೂ ನನ್ನನ್ನು ನಂಬುವುದಿಲ್ಲ.

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡುತ್ತಿದ್ದ ಕಾಲದಲ್ಲಿ, ಹವಳಗಿರಿ ಅಂತ ಒಂದು ರಾಜ್ಯ. ಅಲ್ಲಿನ ಗವಿಯೊಂದರಲ್ಲಿ ಮಹಾಯಂತ್ರವೆಂಬ ಭೂತ ಕೂತಿತ್ತು. ಭೂತ ಒಂದೇ. ಆದರೆ ಒಳಗೆ ಬಂದವರಿಗೆಲ್ಲ ಒಂದೊಂದು ಇಡೀ ಅರಮನೆ ಕಟ್ಟಿಕೊಡುತ್ತಿತ್ತು. ರಾಜನಿಗೊಂದು, ಅಗಸನಿಗೊಂದು. ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲರ ಕೆಲಸಕ್ಕೂ ಸರದಿಯಂತೆ ಕೈಹಾಕುತ್ತಿದ್ದುದರಿಂದ, ಭೂತ ತನ್ನೊಬ್ಬನದೇ ಆಳು ಅಂತ ಪ್ರತಿಯೊಬ್ಬನೂ ಬೀಗುತ್ತಿದ್ದ.

ಒಳಗೆ ಹೋಗಲು ರಾಜ್ಯದಲ್ಲಿ ಹನ್ನೆರಡು ಕಲ್ಲಿನ ಕಿಟಕಿಗಳು. ಕಿಟಕಿಯಲ್ಲಿ ಹಸಿರು ಅಕ್ಷರ ಮೂಡುತ್ತಿತ್ತು. ಕೆಳಗೆ ಅಕ್ಷರದ ಗುಂಡಿಗಳು, ಬರೆದದ್ದನ್ನು ಭೂತಕ್ಕೆ ಒಪ್ಪಿಸಲು ಬಲಗಡೆ ಒಂದು ದಪ್ಪ ಗುಂಡಿ.

ರಾಜನಿಗೆ ಛತ್ರಿ ಹಿಡಿಯುವ ಸಿಂಗಪ್ಪನ ಹೆಂಡತಿ ಹೊನ್ನಾಜಿ. ರಾಜ್ಯದ ಮಂತ್ರಗಳನ್ನೆಲ್ಲ ಭೂತ ಕೊಟ್ಟ ತನ್ನ ಅರಮನೆಯ ಕಪಾಟಿನಲ್ಲಿ ಜೋಡಿಸಿಟ್ಟವಳು ಅವಳೇ. ಹೊರಡುವಾಗ "ಹೋಗುತ್ತೇನೆ" ಎಂದು ಬರೆದರಷ್ಟೇ ಅರಮನೆ ಮುಚ್ಚುವುದೆಂಬುದು ಭೂತದ ನಿಯಮ. ಆದರೆ ಹವಳಗಿರಿಯಲ್ಲಿ ಆ ಮಾತು ಆಡುವವರು ಸಾಯುವವರು ಮಾತ್ರ. ಹಾಗಾಗಿ ಎಲ್ಲರಂತೆ ಅವಳೂ ಒಂದು ದಿನ ಮೂಡಣ ಕಿಟಕಿಯಲ್ಲಿ "ಹೋಗಿ ಬರ್ತೀನಿ" ಅಂತ ಬರೆದು ಮನೆಗೆ ನಡೆದಳು. ಬರ್ತೀನಿ ಅಂದವಳು ಬಂದೇ ಬರುತ್ತಾಳೆಂದು ಭೂತ ಬಾಗಿಲು ತೆರೆದಿಟ್ಟು ಕಾಯಿತು.

ಬಂದವನು ಕರಿಗಡ್ಡನೆಂಬ ಮಾಂತ್ರಿಕ. ಅವಳ ಜಾಗದಲ್ಲಿ ಕೂತ, ಕಪಾಟು ತೆರೆದ, ಒಂದು ಮಂತ್ರ ಓದಿ ತನ್ನ ಕೋಣಕ್ಕೆ ರೆಕ್ಕೆ ಬರಿಸಿಕೊಂಡ, ಇನ್ನೊಂದು ಓದಿದ. ಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಹೊನ್ನಾಜಿ ಕೋಳಿಯಾದಳು.

ದಿನಕ್ಕೊಂದು ಮೊಟ್ಟೆಯಿಟ್ಟಳು. ಇಟ್ಟಾಗಲೆಲ್ಲ ಗಂಡನನ್ನು ಬೈದಳು. ದಿನದಿನಕ್ಕೂ ಬೈಗುಳ ಕಡಿಮೆಯಾಗಿ ಕೊಕ್ಕೊಕ್ ಜಾಸ್ತಿಯಾಗತೊಡಗಿದಾಗ ಸಿಂಗಪ್ಪನಿಗೆ ಹೆದರಿಕೆಯಾಯಿತು. ಏಳನೆಯ ದಿನ ಸೂರ್ಯ ಮುಳುಗಿದರೆ ಅವಳು ಪೂರ್ತಿ ಕೋಳಿಯೇ.

ಅವಳನ್ನು ಕಂಕುಳಲ್ಲಿ ಇರುಕಿಕೊಂಡು ಏಳನೆಯ ದಿನ ಪಡುವಣ ಗುಡ್ಡದ ಕಿಟಕಿಗೆ ಹತ್ತಿದ.

"ರೀ," ಎಂದಳು ದಾರಿಯಲ್ಲಿ, "ಅರಮನೆ ಮುಚ್ಚಿದರೆ ಅಲ್ಲಿ ಹಚ್ಚಿದ ಮಂತ್ರವೆಲ್ಲ ಆರುತ್ತೆ. ಬೇರೆ ದಾರಿಯಿಲ್ಲ. ಕೊಕ್."

ಕಿಟಕಿ ಕೇಳಿತು: "ಯಾರು?"

ಸಿಂಗಪ್ಪ ಗತ್ತಿನಿಂದ ಬರೆದ: "ಸೌಭಾಗ್ಯವತಿ ಹೊನ್ನಾಜಮ್ಮನವರು."

"ಇಂಥವರಿಲ್ಲ."

"ಇದೇನು ಮದುವೆ ಕರೆಯೋಲೆಯೇ? ಬರೀ ಹೊನ್ನಾಜಿ ಅಂತ ಬರೀರಿ," ಎಂದಿತು ಕೋಳಿ. ಬರೆದ.

"ಹೊನ್ನಾಜಿ ಆಗಲೇ ಒಳಗಿದ್ದಾಳೆ," ಎಂದಿತು ಕಿಟಕಿ.

"ಅದು ನೀನಲ್ಲ, ಆ ಗಡ್ಡದವನು," ಎಂದು ಸಿಂಗಪ್ಪ ಗೋಳಾಡಿದ. ಕೋಳಿ ಕುಟುಕುಟು ಕುಕ್ಕಿತು: "ನಾನು ಇಲ್ಲಿದ್ದೇನೆ." ಅದರ ಭಾರಕ್ಕೆ ದಪ್ಪ ಗುಂಡಿ ಅಲುಗದು, ಸಿಂಗಪ್ಪ ಹೆಬ್ಬೆರಳಿನಿಂದ ಒತ್ತಿದ.

"ಇಲ್ಲಿದ್ದರೆ ಗುಟ್ಟಿನ ಮಾತು ಹೇಳು."

"ಆ ಕಡೆ ತಿರುಗಿ," ಎಂದಿತು ಕೋಳಿ.

"ಹದಿನಾಲ್ಕು ವರ್ಷ ಸಂಸಾರ ಮಾಡಿದ್ದೀನಲ್ಲೇ."

"ಸಂಸಾರ ಬೇರೆ, ಗುಟ್ಟು ಬೇರೆ. ತಿರುಗಿ."

ತಿರುಗಿದ, ಆದರೂ ಓರೆಗಣ್ಣು ಬಿಟ್ಟ. ಕೋಳಿ ಕುಕ್ಕುತ್ತಿದೆ, ಕಿಟಕಿ ಖಾಲಿ. "ಲೇ, ಇದು ಕೆಟ್ಟಿದೆ. ಅಕ್ಷರವೇ ಮೂಡ್ತಿಲ್ಲ."

"ನಿಮ್ಮಂಥವರು ಪಕ್ಕದಲ್ಲಿ ನಿಂತಿರ್ತಾರಲ್ಲ, ಅದಕ್ಕೇ ಮೂಡಲ್ಲ. ಒತ್ತಿ. ಕೊಕ್ಕೊಕ್."

ಒತ್ತಿದ. ಬಾಗಿಲು ತೆರೆಯಿತು. ಒಬ್ಬಳೇ ಎರಡು ಕಡೆ ಕೂರುವಂತಿಲ್ಲವಲ್ಲ, ಆ ಕ್ಷಣವೇ ಮೂಡಣ ಕಿಟಕಿಯಲ್ಲಿ ಕರಿಗಡ್ಡನ ಮುಂದೆ ಕತ್ತಲಾಯಿತು. ಮತ್ತೆ ಒಳಗೆ ಹೋಗಲು ಅವನಿಗೆ ಗುಟ್ಟಿನ ಮಾತು ಗೊತ್ತಿಲ್ಲ. ರೆಕ್ಕೆಯ ಕೋಣ ಹತ್ತಿ ಹಾರಿ ಬಂದ.

ಇಲ್ಲಿ ಕೋಳಿ ಕಡೆಯ ಮಾತು ಕುಕ್ಕಿ ಮುಗಿಸಿತ್ತು. ಕಿಟಕಿಯಲ್ಲಿ ಹಸಿರಾಗಿ ನಿಂತಿತ್ತು: "ಹೋಗುತ್ತೇನೆ."

ಸಿಂಗಪ್ಪನ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಅವನ ತಾಯಿ ಆಡಿದ ಕಡೆಯ ಮಾತು ಅದು. "ಹೊನ್ನಾ, ಇದನ್ನ ಒತ್ತಲೇನೇ?"

"ಕೊಕ್," ಎಂದಳು ಹೊನ್ನಾಜಿ. ಅವಳ ಮಾತು ಮುಗಿದುಹೋಗಿತ್ತು.

ಕೋಣ ದಬಕ್ಕನೆ ಇಳಿಯಿತು. ಕರಿಗಡ್ಡ ಹತ್ತಿರದ ನೆಂಟನ ಹಾಗೆ ಕೈಮುಗಿದ. "ಸಿಂಗಪ್ಪನೋರೇ, ಮುತ್ತೈದೆ ಬಾಯಲ್ಲಿ ಎಂಥ ಮಾತು ಅದು. ಹೋಗಿ ಬರ್ತೀನಿ ಅಂತ ತಿದ್ದಿಬಿಡಿ. ಹಾಯಾಗಿ ಮನೆಗೆ ಹೋಗಿ ಬನ್ನಿ. ನಾನು ತಡೆಯೋದಿಲ್ಲ."

ಎಷ್ಟು ಮರ್ಯಾದೆಯ ಮಾತು. ಸಿಂಗಪ್ಪನ ಬೆರಳು ತಿದ್ದಲು ಹೊರಟೇಬಿಟ್ಟಿತ್ತು. ಅಷ್ಟರಲ್ಲಿ ಕೋಳಿ ಅವನ ಕೈಯನ್ನು ಕುಕ್ಕಿತು. ಹದಿನಾಲ್ಕು ವರ್ಷದಲ್ಲಿ ಅವಳು ಕುಕ್ಕಿದ್ದು ಒಮ್ಮೆಯೂ ತಪ್ಪಿರಲಿಲ್ಲ. ಸಿಂಗಪ್ಪ ಕಣ್ಣು ಮುಚ್ಚಿಕೊಂಡು, ಅಳುತ್ತ, ಒತ್ತಿದ.

ಕಿಟಕಿ ಆರಿತು. ಕೋಣದ ರೆಕ್ಕೆ ಕಳಚಿ ಬಿತ್ತು. ಸಿಂಗಪ್ಪ ಕಣ್ಣು ಬಿಡಲೇ ಇಲ್ಲ.

"ಮುದ್ದೆ ಏಳು ದಿನದಿಂದ ಒಲೆ ಮೇಲಿದೆ. ತಳ ಹಿಡಿದಿರುತ್ತೆ, ನಡೀರಿ," ಎಂದಿತು ಒಂದು ದನಿ. ಹೊನ್ನಾಜಿ ಕೈಯಲ್ಲಿ ಮುದ್ದೆಕೋಲು ಹಿಡಿದು ನಿಂತಿದ್ದಳು.

ಕರಿಗಡ್ಡ ಮಂತ್ರ ಹಾಕಲು ಕೈ ಎತ್ತಿದ, ಬಾಯಿ ತೆರೆದ, ಹಾಗೇ ನಿಂತ. ಪಾಪ, ಒಂದೂ ಬಾಯಿಪಾಠವಿರಲಿಲ್ಲ. ಎಲ್ಲವನ್ನೂ ನೋಡಿಕೊಂಡೇ ಓದುತ್ತಿದ್ದವನು. ಮುದ್ದೆಕೋಲಿನ ಮುಂದೆ ನಡೆದುಕೊಂಡೇ ರಾಜನ ಬಳಿಗೆ ಹೋದ.

ರಾಜ ಅವನಿಗೆ ಶಿಕ್ಷೆ ಕೊಡಲಿಲ್ಲ, ಕೆಲಸ ಕೊಟ್ಟ. ಹನ್ನೆರಡು ಕಿಟಕಿಗೂ ಸುತ್ತಿ, ಏಳುವವರನ್ನೆಲ್ಲ "ಹೋಗ್ತೀನಿ ಅಂತ ಬರೆದ್ರಾ?" ಎಂದು ಕೇಳಬೇಕು. ರಾಜನನ್ನೂ ಬಿಡದೆ ಕೇಳಿದ. ಕಾದು ಕಾದು ಸೊರಗಿದ್ದ ಭೂತ ನೂರು ವರ್ಷದಲ್ಲಿ ಮೊದಲ ಸಲ ಮಧ್ಯಾಹ್ನ ಒಂದು ಜೊಂಪು ನಿದ್ದೆ ಮಾಡಿತು. ಸಿಂಗಪ್ಪ ಮತ್ತು ಹೊನ್ನಾಜಿ ಬೈಗುಳದಲ್ಲಿ ಒಂದೂ ಕಡಿಮೆಯಾಗದೆ ಬಹುಕಾಲ ಸುಖವಾಗಿ ಬಾಳಿದರು.

ದಿನಕ್ಕೊಂದು ಮೊಟ್ಟೆ ಅಂದೆನಲ್ಲ, ಅದೊಂದು ನಾನೇ ಸೇರಿಸಿದ್ದು. ಎರಡು ದಿನಕ್ಕೊಂದು. ಇಷ್ಟಕ್ಕೆಲ್ಲ ಮೀಸೆಗೆ ಕೈಹಾಕಬೇಡಿ.